ಗೋದಾವರಿಯ ದಂಡೆಯಲ್ಲಿ ಒಂದು ಲೇಖನಿಯ ತವರು

ತಾತನವರ ತಗಡಿನ ಪೆಟ್ಟಿಗೆಯ ತಳದಲ್ಲಿ, ಹಳೆಯ ಹಾಜರಿ ಪುಸ್ತಕಗಳ ನಡುವೆ ದೊರೆತ ಆ ಲೇಖನಿಯು ಮೊದಲ ನೋಟಕ್ಕೆ ಮನಸೆಳೆಯುವಂತಿರಲಿಲ್ಲ. ಹೆಬ್ಬೆರಳಿನಷ್ಟು ದಪ್ಪ, ಕಪ್ಪೆನ್ನಲೂ ಕಂದೆನ್ನಲೂ ಬಾರದ ಬಣ್ಣ, ಕ್ಲಿಪ್ಪಿನ ಮೇಲೆ ಹೆಸರಿಲ್ಲ. ಆದವಾನಿ ಸೀಮೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ತಾತನವರು ಉಪಾಧ್ಯಾಯರಾಗಿದ್ದರು. ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರುಗಳನ್ನು ಅವರು ಬರೆದದ್ದು ಇದರಿಂದಲೇ ಎಂಬುದು ನಮ್ಮ ತಾಯಿಯವರ ವಾದ. ಯಾರೋ ಮರೆತುಹೋದ ಪೆನ್ನು ಅದು, ತಂದೆಯವರು ಬಳಸುತ್ತಿದ್ದುದು ಬೇರೆ ಎಂಬುದು ಚಿಕ್ಕಪ್ಪನವರ ವಾದ. ಹಬ್ಬಕ್ಕೊಮ್ಮೆ ಏಳುವ ಈ ತಕರಾರನ್ನು ತೀರಿಸಲು ಹೊರಟವನು ನಾನು.

ಮೊದಲು ಮಾಡಿದ ಕೆಲಸವೇ ತಪ್ಪಾಯಿತು. ಒಣಗಿದ ಮಸಿಯನ್ನು ಕರಗಿಸಲೆಂದು ಬಿಸಿನೀರಿನಲ್ಲಿ ನೆನೆಹಾಕಿದೆ. ಅರ್ಧ ಗಂಟೆಯೊಳಗೆ ಮೈಯೆಲ್ಲ ಹಸುರುಗಂದಾಗಿ, ಇದ್ದಷ್ಟು ಹೊಳಪೂ ಹೋಯಿತು. ತಾಯಿಯವರು ಏನೂ ಅನ್ನಲಿಲ್ಲ; ಅದೇ ಹೆಚ್ಚು ನೋಯಿಸಿತು. ಆದರೆ ಆ ವಿಕಾರವೇ ಒಂದು ಗುರುತೆಂದು ಆಮೇಲೆ ತಿಳಿಯಿತು. ಬಿಸಿಲಿಗೂ ಬಿಸಿನೀರಿಗೂ ಹೀಗೆ ಬಣ್ಣಗೆಡುವುದು ಎಬೊನೈಟ್, ಅಂದರೆ ರಬ್ಬರಿಗೆ ಗಂಧಕವನ್ನು ಹೆಚ್ಚಾಗಿ ಬೆರೆಸಿ ಕಾಯಿಸಿ ಗಟ್ಟಿಮಾಡಿದ ವಸ್ತು. ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ಉಣ್ಣೆಯ ಬಟ್ಟೆಗೆ ತಿಕ್ಕಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ಹಾರಿ ಅಂಟಿಕೊಳ್ಳುತ್ತವೆ. ಈ ಎರಡನೆಯ ಪರೀಕ್ಷೆಯನ್ನು ನನ್ನ ಮಗಳು ಹತ್ತು ಸಲ ಮಾಡಿದಳು, ಲೇಖನಿಯ ಗೊಡವೆ ಅವಳಿಗಿರಲಿಲ್ಲ. ಒಳಗೆ ರಬ್ಬರಿನ ಚೀಲವಿರಲಿಲ್ಲ. ಗೊಟ್ಟದೊಳಕ್ಕೆ ಹನಿಕೊಳವೆಯಿಂದ ನೇರವಾಗಿ ಮಸಿ ತುಂಬುವ ಬಗೆ. ಮುಚ್ಚಳದೊಳಗೆ ದೀಪ ಹಿಡಿದಾಗ ಬಳೆಬಳೆಯಾಗಿ ಸಣ್ಣ ಗೆರೆಗಳು ಕಂಡವು. ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ, ಚರಕಿಯಲ್ಲಿ ಕಡೆದದ್ದೆಂದು ಅವೇ ಸಾರುತ್ತಿದ್ದವು. ಕಡೆಗೊಂದು ಸಂಜೆ ಓರೆಬೆಳಕಿನಲ್ಲಿ ತಿರುಗಿಸುತ್ತಿದ್ದಾಗ, ಸವೆದ ಇಂಗ್ಲಿಷ್ ಅಕ್ಷರಗಳ ಸಾಲೊಂದು ಗೊಟ್ಟದ ಮೇಲೆ ತೋರಿತು. ಸೀಮೆಸುಣ್ಣದ ಪುಡಿ ಸವರಿದೆ. ತಯಾರಕರ ಹೆಸರು ಅಳಿಸಿಹೋಗಿತ್ತು. ಊರಿನ ಹೆಸರು ಉಳಿದಿತ್ತು. ರಾಜಮಂಡ್ರಿ.

ಗುಂತಕಲ್ಲಿನಲ್ಲಿ ರೈಲು ಹತ್ತಿ, ವಿಜಯವಾಡದಲ್ಲಿ ಬದಲಿಸಿ, ಕೊವ್ವೂರು ದಾಟಿದೊಡನೆ ಗೋದಾವರಿ ತೆರೆದುಕೊಳ್ಳುತ್ತದೆ. ಸೇತುವೆಯ ಉದ್ದವೇ ಎರಡೂಮುಕ್ಕಾಲು ಕಿಲೋಮೀಟರಿನಷ್ಟು. ಪಕ್ಕದಲ್ಲಿ 1900ರಲ್ಲಿ ತೆರೆದು 1997ರಲ್ಲಿ ವಿಶ್ರಾಂತಿ ಪಡೆದ ಹ್ಯಾವ್‌ಲಾಕ್ ಸೇತುವೆ ಈಗ ರೈಲುಗಳಿಲ್ಲದೆ ನಿಂತಿದೆ. ಹಗರಿಯ ಮರಳನ್ನೇ ನದಿಯೆಂದು ಕರೆದು ಬೆಳೆದ ನಮ್ಮಂಥವರಿಗೆ ಅಷ್ಟು ನೀರನ್ನು ಕಂಡರೆ ಮಾತು ನಿಲ್ಲುತ್ತದೆ. ನನ್ನಯ ತೆಲುಗು ಭಾರತವನ್ನು ಆರಂಭಿಸಿದ ಊರಿದು. ಅವನಿಗೆ ನೆರವಾದ ನಾರಾಯಣಭಟ್ಟನು ಕರ್ಣಾಟ ಭಾಷೆಯಲ್ಲೂ ಪಂಡಿತನೆಂದು ನಂದಂಪೂಡಿ ಶಾಸನ ಹೇಳುತ್ತದೆ. ಆದ್ದರಿಂದ ಆ ದಂಡೆಯಲ್ಲಿ ಕನ್ನಡ ಮಾತನಾಡಲು ನನಗೇನೂ ಸಂಕೋಚವಾಗಲಿಲ್ಲ.

ರಾಜಮಂಡ್ರಿಗೂ ಲೇಖನಿಗೂ ಇರುವ ನಂಟು ಸ್ವದೇಶಿ ಚಳವಳಿಯದು. ಕೆ. ವಿ. ರತ್ನಂ ಅವರು 1930ರ ದಶಕದ ಆರಂಭದಲ್ಲಿ ಇಲ್ಲಿ ಎಬೊನೈಟಿನ ಲೇಖನಿಗಳನ್ನು ಕಡೆಯತೊಡಗಿದರು. ಜೆ. ಸಿ. ಕುಮಾರಪ್ಪನವರ ಮೂಲಕ ತಲುಪಿದ ಲೇಖನಿಯನ್ನು ಬಳಸಿ ನೋಡಿದ ಗಾಂಧೀಜಿ, ಪೇಟೆಯ ವಿದೇಶೀ ಲೇಖನಿಗಳಿಗೆ ಅದು ಒಳ್ಳೆಯ ಬದಲಿಯೆಂದು 1935ರಲ್ಲಿ ಅವರಿಗೆ ಪತ್ರ ಬರೆದರು. ಊರಿನಲ್ಲಿ ಬೇರೆ ಲೇಖನಿ ತಯಾರಕರೂ ಬೆಳೆದರು. ಹಾಗಾಗಿ ಊರಿನ ಹೆಸರೊಂದರಿಂದಲೇ ಯಾರ ಕೈಕೆಲಸವೆಂದು ಹೇಳಲಾಗದು.

ಕೋಟಗುಮ್ಮಂ ಬಳಿಯ ಗಲ್ಲಿಯೊಂದರಲ್ಲಿ ಲೇಖನಿ ರಿಪೇರಿಯ ಹಿರಿಯರೊಬ್ಬರು ಸಿಕ್ಕರು. ಅವರು ಮೊದಲು ನೋಡಿದ್ದು ಬರೆಹವನ್ನಲ್ಲ, ಮರೆಯನ್ನು. ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ, ಕಿವಿಯ ಬಳಿ ಹಿಡಿದು, "ಇದು ಇದರ ತಲೆಯಲ್ಲ" ಎಂದರು. ಗೊಟ್ಟ ಈ ಊರಿನದೇ. ಮುಚ್ಚಳ ಮಾತ್ರ ಇನ್ನೊಂದು ಲೇಖನಿಯದು. ಮೂಲ ಮುಚ್ಚಳ ಕಳೆದ ಮೇಲೆ ಯಾರೋ ಮರೆ ಹೊಂದಿಸಿ ಕೂರಿಸಿದ್ದಾರೆ. ಕ್ಲಿಪ್ಪನ್ನು ಹಿಡಿದು ನಾನು ತಿಂಗಳುಗಟ್ಟಲೆ ನಡೆಸಿದ ಪತ್ತೇದಾರಿಯೆಲ್ಲ ಅಲ್ಲಿಗೆ ನೀರುಪಾಲಾಯಿತು.

ಆಮೇಲೆ ಅವರು ನಿಬ್ಬನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ತುದಿಯ ಇರಿಡಿಯಂ ಮಣಿ ಒಂದೇ ಮಗ್ಗುಲಿಗೆ ಸವೆದಿತ್ತು, ಸಾಮಾನ್ಯವಾಗಿ ಸವೆಯದ ಮಗ್ಗುಲಿಗೆ. "ಬರೆದವರು ಎಡಗೈಯವರೇ?" ಎಂದು ಕೇಳಿದರು.

ನಾನು ಅವರಿಗೆ ತಾತನವರ ವಿಷಯ ಹೇಳಿಯೇ ಇರಲಿಲ್ಲ. ಬಾಲ್ಯದಲ್ಲಿ ಎಡಗೈಯಲ್ಲಿ ಬರೆದದ್ದಕ್ಕೆ ಬೆತ್ತದ ಏಟು ತಿಂದವರು ಅವರು. ಕಪ್ಪುಹಲಗೆಯ ಮೇಲೆ ಬಲಗೈ, ಮನೆಯಲ್ಲಿ ಕುಳಿತು ಬರೆಯುವಾಗ ಎಡಗೈ.

ತಾಯಿಯವರಿಗೆ ಅಲ್ಲಿಂದಲೇ ಫೋನು ಮಾಡಿದೆ. ಚಿಕ್ಕಪ್ಪನವರು ಮಾತ್ರ ಊರಿನಲ್ಲಿ ಎಡಚರು ಇನ್ನೂ ನಾಲ್ವರಿದ್ದರೆಂದು ಇಂದಿಗೂ ಪಟ್ಟುಬಿಟ್ಟಿಲ್ಲ.

ಮೈಗೆ ಹೊಳಪು ಕೊಡಿಸಬಹುದೇ ಎಂದು ಕೇಳಿದಾಗ ಹಿರಿಯರು ಒಪ್ಪಲಿಲ್ಲ. ಉಜ್ಜಿದರೆ ಬಣ್ಣ ಮರಳಬಹುದು, ಆದರೆ ಉಳಿದಿರುವ ಆ ಊರಿನ ಹೆಸರೂ ಹೋಗುತ್ತದೆ. ಮಸಿ ಹರಿಯುವ ನಾಲಿಗೆಯನ್ನು ಶುಚಿಮಾಡಿ, ತಣ್ಣೀರಿನಲ್ಲಷ್ಟೇ ತೊಳೆಯಬೇಕೆಂದೂ, ಗೊಟ್ಟದಲ್ಲಿ ಮಸಿ ಕಡಿಮೆಯಾದಾಗ ಕೈಯ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಮಸಿ ತೊಟ್ಟಿಕ್ಕುವುದರಿಂದ ಪೂರ್ತಿ ಬರಿದಾಗಲು ಬಿಡಬಾರದೆಂದೂ ಹೇಳಿ ಕೊಟ್ಟರು. ನನ್ನ ಬಲಗೈಯಲ್ಲಿ ಅದು ಕಾಗದವನ್ನು ಗೀರುತ್ತದೆ. ಮಗಳು ಎಡಗೈಯಲ್ಲಿ ಹಿಡಿದು, ತನ್ನ ಹೆಸರಿನ ಮೊದಲ ಅಕ್ಷರವನ್ನು ಸೊಟ್ಟಗೆ ಬರೆದಳು. ಮಸಿ ಸರಾಗವಾಗಿ ಇಳಿಯಿತು.