ಡೌನ್‌ಲೋಡ್ ಆಗೂತನಕ ಮೆಂತೆ ಸೋಸು

ಹೋದ ಸಲ ಉಪ್ಪಿನಕಾಯಿ ಬಗ್ಗೆ ಬರದಾಗ ನಿಮ್ಮೊಳಗ ಮೂರು ಮಂದಿ ಒಂದ ಪ್ರಶ್ನಿ ಕೇಳಿದ್ರಿ. "ನೀ ಖೋಲಿ ಬಾಗಲಾ ಹಾಕ್ಕೊಂಡು ಕಂಪ್ಯೂಟರ್ ಮುಂದ ಕೂತು ಏನ್ ಮಾಡತೀ? ಕೇಳಿದಾಗೆಲ್ಲಾ ಡೌನ್‌ಲೋಡ್ ಆಗ್ಲಿಕತ್ತದ ಅಂತೀಯಲ್ಲಾ?" ಇವತ್ತ ಅದನ್ನ ಬರಿತೇನಿ. ಅಡಗಿಮನಿ ನಡಸಿದವರಿಗೆ ಇದು ತಿಳಿಯೋದು ಏನ್ ಕಷ್ಟಿಲ್ಲ.

ನಿಮಗ ಗೊತ್ತದ, ಆರು ವರ್ಷ ಬಿಟ್ಟು ನಾ ಮತ್ತ ಕೆಲಸಕ್ಕ ಸೇರೇನಿ. ಕಂಪನಿ ಬೆಂಗಳೂರಿಂದು, ಕೆಲಸ ಧಾರವಾಡದ ಮನ್ಯಾಗಿಂದ. ದಿನಕ್ಕ ನಾಲ್ಕು ತಾಸು, ಮೊದಲನೇ ಮೂರು ತಿಂಗಳು ನೋಡಿ ಆಮ್ಯಾಲೆ ಕಾಯಂ ಮಾಡೋ ಮಾತು. ಮಗನ್ನ ಸಾಲಿಗೆ ಕಳಿಸಿ 9.30ಕ್ಕ ಕೂತರ 1.30ಕ್ಕ ಏಳಬೇಕು. ಅತ್ತಿಯವರದು ಮೊಣಕಾಲು ಆಪರೇಶನ್ ಆಗೇದ, 2 ಗಂಟೆಕ್ಕ ವ್ಯಾಯಾಮ ಮಾಡಸೋ ಹುಡುಗಿ ಬರತಾಳ. ಆ ನಾಲ್ಕು ತಾಸು ಬಿಟ್ರ ನನಗ ಬ್ಯಾರೆ ವ್ಯಾಳ್ಯಾ ಇಲ್ಲ. ಅದರಾಗ ದಿನಾ 41 ನಿಮಿಷ ಡೌನ್‌ಲೋಡಿಗೇ ಹೋಗತಿತ್ತು.

ಏನು ಡೌನ್‌ಲೋಡ್ ಅಂತೀರಿ? ಸಾರು ಮಾಡೋವಾಗ ನಾವೇನು ಇಂಗು ತಯಾರು ಮಾಡತೇವೇನು? ತಂದಿದ್ದು ಹಾಕತೇವಿ. ಸಾಫ್ಟ್‌ವೇರಿನಾಗೂ ಹಂಗ. ತಾರೀಖಿನ ಲೆಕ್ಕಾ ಮಾಡೋದಕ್ಕ, ಫೈಲು ಓದೋದಕ್ಕ ಯಾರೋ ಮೊದಲ ಬರದಿಟ್ಟ ಲೈಬ್ರರಿಗಳು ಇರತಾವ. ನಾ ಬರಿಯೋದು ಜಾವಾ. ಬೇಕಾದ ಲೈಬ್ರರಿ ತಂದು, ಜೋಡಿಸಿ, ಓಡೋಹಂಗ ಮಾಡೋ ಸಾಧನಕ್ಕ ಗ್ರೇಡಲ್ ಅಂತಾರ. ಸಾಮಾನಿನ ಚೀಟಿ ನಾವು ಬರದಿಟ್ಟರ ಅದು ಮೇವನ್ ಸೆಂಟ್ರಲ್‌ನಂಥಾ ದೊಡ್ಡ ಭಂಡಾರಕ್ಕ ಹೋಗಿ ತರತದ.

ಆದರ ಚೀಟ್ಯಾಗ ಬರದಿದ್ದಷ್ಟ ಬರೂದಿಲ್ಲ. ಮುಂಜಿವಿಗೆ ಒಬ್ಬ ಬೀಗರನ್ನ ಕರದರ ಅವರ ಹಿಂದ ಅವರ ಬೀಗರೂ ಬರತಾರಲಾ, ಹಂಗ ಒಂದೊಂದು ಲೈಬ್ರರಿಗೂ ತಂದ ಚೀಟಿ ಬ್ಯಾರೆ ಇರತದ. ನಮ್ಮ ಚೀಟ್ಯಾಗ ಇದ್ದದ್ದು 45, ಮನಿಗೆ ಬಂದದ್ದು 380.

ನಮ್ಮ ಮನಿಯವರು, "ನೆಟ್ ಪ್ಲಾನ್ ದೊಡ್ಡದು ತಗೋ, ಮುಗೀತು" ಅಂದ್ರು. ನಾ ರೊಕ್ಕಾ ಕೊಡೋಕಿಂತ ಮೊದಲ ಲೆಕ್ಕಾ ನೋಡಿದೆ. ಗ್ರೇಡಲ್‌ಗೆ ಪ್ರೊಫೈಲ್ ಅಂತ ಒಂದು ಆಯ್ಕೆ ಕೊಟ್ಟರ ಯಾವುದಕ್ಕ ಎಷ್ಟು ವ್ಯಾಳ್ಯಾ ಹೋತು ಅಂತ ಒಂದು ಪುಟಾ ಬರದು ಕೊಡತದ. 41ರೊಳಗ 29 ನಿಮಿಷ ಬರೇ ಲೈಬ್ರರಿ ಹುಡುಕಿ ತರೋದಕ್ಕ. ಅದರಾಗೂ ಸಾಮಾನ ಹೊತ್ತು ತರೋದಕ್ಕಿಂತ ಅಂಗಡಿ ಅಂಗಡಿ ಕೇಳ್ಕೋತ ತಿರಗೋದ ಹೆಚ್ಚಿತ್ತು. ದೊಡ್ಡ ಚೀಲಾ ಕೊಂಡರ ತಿರುಗಾಟ ಕಡಿಮಿ ಆಗತದೇನು?

ಮೊದಲನೇದ್ದು ಅಂಗಡಿಗಳ ಸಾಲು. ಗ್ರೇಡಲ್ ನಾವು ಬರದ ಕ್ರಮದಾಗ ಒಂದೊಂದ ಭಂಡಾರಕ್ಕ ಕೇಳತದ. ಮೊದಲನೇದ್ರಾಗ ಸಿಗಲಿಲ್ಲಂದ್ರ ಎರಡನೇದಕ್ಕ, ಅಲ್ಲಿಲ್ಲಂದ್ರ ಮೂರನೇದಕ್ಕ. ಹಳೇ ಪ್ರಾಜೆಕ್ಟು, ಆರು ಭಂಡಾರದ ಹೆಸರು ಬರದಿದ್ರು. ಎಲ್ಲಾದಕ್ಕಿಂತ ಮ್ಯಾಲೆ ಜೇಸೆಂಟರ್, ಅದು 2021ರಾಗನ ಹೊಸಾ ಸಾಮಾನ ತಗೊಳ್ಳೋದು ನಿಲ್ಲಿಸೇದ. ಹೊಸಾ ಲೈಬ್ರರಿ ಬೇಕಾದಾಗೆಲ್ಲಾ ಮೊದಲ ಅಲ್ಲಿ ಹೋಗಿ, ಇಲ್ಲ ಅನ್ನಿಸಿಕೊಂಡು, ಮುಂದಿನ ಬಾಗಲಾ ಬಡಿಯೋದು. ಅದನ್ನ ತಗದು, ಮೇವನ್ ಸೆಂಟ್ರಲ್ ಮ್ಯಾಲೆ ತಂದೆ. ಕಂಪನಿಯವರ ಸ್ವಂತ ಭಂಡಾರಕ್ಕ ಕಂಪನಿಯ ಹೆಸರಿನ ಲೈಬ್ರರಿ ಅಷ್ಟ ಕೇಳಬೇಕು ಅಂತ ಬರದೆ. ಆರು ಹೋಗಿ ಎರಡು ಉಳದು.

ಎರಡನೇದ್ದು ಚೀಟಿ ಬರಿಯೋ ರೀತಿ. ಕೆಲವು ಲೈಬ್ರರಿ ಮುಂದ ಆವೃತ್ತಿಯ ಜಾಗಾದಾಗ ಪ್ಲಸ್ ಚಿಹ್ನೆ ಇತ್ತು. ಅಂದರ "ಇದರಾಗ ಯಾವುದು ಹೊಸದದ ಅದನ್ನ ತಾ" ಅಂದಂಗ. ಗ್ರೇಡಲ್ ಅಂಥಾದ್ದರ ಉತ್ತರಾ 24 ತಾಸು ನೆನಪಿಟ್ಟು, ಆಮ್ಯಾಲೆ ಮತ್ತ ಹೋಗಿ ಕೇಳತದ. ನನ್ನ ಮುಂಜಾನಿ ಮೊದಲನೇ ಬಿಲ್ಡಿಗೆ ಸರಿಯಾಗಿ ಆ 24 ತಾಸು ಮುಗದಿರತಿದ್ದು! ಎಲ್ಲಾದಕ್ಕೂ ನೆಟ್ಟಗ ಅಂಕಿ ಬರದೆ. ಯಾವ ಆವೃತ್ತಿ ಬಂದದ ಅಂತ ಗೊತ್ತಿರತದ, ತಿರುಗಾಟನೂ ತಪ್ಪತದ.

ಮೂರನೇದ್ದಕ್ಕ ನನಗ ಸಿಟ್ಟು ಬಂದದ್ದು. ಗ್ರೇಡಲ್ ಒಮ್ಮೆ ತಂದಿದ್ದನ್ನ ನಮ್ಮ ಕಂಪ್ಯೂಟರಿನಾಗನ ಒಂದು ಫೋಲ್ಡರಿನಾಗ ಕಾಪಿಟ್ಟಿರತದ, ಅದಕ್ಕ ಕ್ಯಾಶ್ ಅಂತಾರ. ಕಂಪನಿಯವರು ಕೊಟ್ಟ ಸೂಚನಾ ಪತ್ರದಾಗ, ದಿನಾ ಮುಂಜಾನೆ ಕೆಲಸ ಶುರು ಮಾಡೋಕಿಂತ ಮೊದಲ ಆ ಫೋಲ್ಡರ್ ಅಳಸ್ರಿ ಅಂತ ಇತ್ತು. ಯಾವತ್ತೋ ಒಂದು ಕಡತ ಅರ್ಧಾ ಬಂದು ಕೆಟ್ಟಿತ್ತಂತ, ಅವತ್ತಿಂದ ನಿಯಮ. ಒಂದು ಡಬ್ಬ್ಯಾಗ ನುಸಿ ಬಿದ್ದದ್ದಕ್ಕ ದಿನಾ ಇಡೀ ಮಾಡಾ ಖಾಲಿ ಮಾಡಿ ಸಂತಿಗೆ ಹೋಗತೀರೇನು? ಸಂಶಯ ಬಂದ ದಿವಸ ರಿಫ್ರೆಶ್ ಅಂತ ಹೇಳಿದರ ಸಾಕು. ಗ್ರೇಡಲ್ ಭಂಡಾರದಾಗಿನ ಗುರುತಿನ ಸಂಖ್ಯಾ ತನ್ನ ಹತ್ರ ಇದ್ದದ್ದರ ಜೋಡಿ ತಾಳಿ ನೋಡಿ, ಒಂದ ಇದ್ದರ ಮತ್ತ ತರೂದಿಲ್ಲ. ನನ್ನ 29 ನಿಮಿಷದ ಪುಟಾ ಜೋಡಿಸಿ ಬರದು ಕಳಿಸಿದೆ, ಪತ್ರದಾಗಿಂದ ಆ ಸಾಲು ತಗದ್ರು.

ಈಗ ಕ್ಯಾಶ್ ಖಾಲಿ ಇದ್ದಾಗ ಪೂರಾ ಬಿಲ್ಡಿಗೆ 17 ನಿಮಿಷ ಬೇಕು, ದಿನದ್ದು 3 ನಿಮಿಷದಾಗ ಮುಗಿತದ. ಕರೆಂಟು ಹೋಗಿ ವೈಫೈ ಇಲ್ಲದಾಗ ಆಫ್‌ಲೈನ್ ಅಂತ ಹೇಳಿ, ಮನ್ಯಾಗ ಇದ್ದದ್ದರಾಗನ ನಡಸತೇನಿ. ಮೊಬೈಲಿನ ಡೇಟಾನೂ ಉಳಿತದ. ಒಂದು ಮಾತು ಮಾತ್ರ. ಜಲ್ದಿ ಸಿಗತದ ಅಂತ ಗುರುತಿಲ್ಲದ ಭಂಡಾರದಿಂದ ತರಸಬಾರದು. ಯಾರೋ ಒಳಗ ಏನರೆ ಕಲಸಿದ್ರ ನಮ್ಮ ಗಿರಾಕಿಗಳ ಮಾಹಿತಿಗೇ ಸಂಚಕಾರ. ಗುರುತಿನ ಸಂಖ್ಯಾ ತಾಳಿ ನೋಡೋದಕ್ಕ ನಾಲ್ಕು ಸೆಕೆಂಡ್ ಹೆಚ್ಚು ಹೋದರ ಹೋಗಲಿ.

ಈಗ ಮೆಂತೆ ಸುದ್ದಿಗೆ ಬರತೇನಿ. ಆ 41 ನಿಮಿಷದ ದಿನಗಳಾಗ ನಮ್ಮ ಅತ್ತಿಯವರು, "ಹೆಂಗೂ ಸುಮ್ನ ಕೂತೀಯಲಾ, ಡೌನ್‌ಲೋಡ್ ಆಗೂತನಕ ಇಷ್ಟು ಮೆಂತೆ ಸೋಸು" ಅಂತಿದ್ರು. ಅವರದೇನು ತಪ್ಪಿಲ್ಲ, ಕಾಣಸೋದ ಹಂಗ. ಸೋಸ್ತಿದ್ದೆ. ಅಷ್ಟರಾಗ ಬಿಲ್ಡ್ ಎಲ್ಲೋ ನಿಂತಿರತಿತ್ತು, ಕೈ ಒರಸ್ಕೊಂಡು ಬರೂತನಕ ತಲ್ಯಾಗಿದ್ದ ಲೆಕ್ಕಾ ಹಾರಿರತಿತ್ತು. ಮತ್ತ ಅದನ್ನ ಹಿಡಿಲಿಕ್ಕೆ ಹತ್ತು ನಿಮಿಷ. ಕಂಪನಿ ಲೆಕ್ಕದಾಗ ಅದು ನನ್ನ ಕೆಲಸದ ತಾಸು, ಮನಿ ಲೆಕ್ಕದಾಗ ನನ್ನ ಬಿಡುವು; ಎರಡೂ ಕಡೆ ಕೆಲಸ ಅರ್ಧಾನ. ಮಂದ ಡೌನ್‌ಲೋಡಿನ ಖರ್ಚು ಯಾವ ಬಿಲ್ಲಿನಾಗೂ ಬರೂದಿಲ್ಲ ನೋಡ್ರಿ, ಅದಕ್ಕ ಅದನ್ನ ಸರಿ ಮಾಡ್ಲಿಕ್ಕೆ ಯಾರಿಗೂ ಗಡಬಡಿ ಇರೂದಿಲ್ಲ.

ಮೊನ್ನೆ ಮೂರು ತಿಂಗಳು ಮುಗದು, ಕಾಯಂ ಆತು. ಅತ್ತಿಯವರಿಗೆ ಹೇಳೇನಿ, ಮೆಂತೆ 1.30ರ ಮ್ಯಾಲೆ ಅಂತ. ಈಗ ಅವರ ವ್ಯಾಯಾಮದ ಹೊತ್ತಿಗೆ ಬಾಜೂಕ್ಕ ಕೂತು ಸೋಸ್ತೇನಿ, ಅವರೂ ಮಾತಾಡ್ಕೋತ ಕಾಲು ಎತ್ತತಾರ. ನಿಮ್ಮ ಮನ್ಯಾಗೂ ಸೊಸಿನೋ ಮಗಳೋ ಪರದೆ ನೋಡ್ಕೋತ ಸುಮ್ನ ಕೂತಿದ್ರ, ಚಹಾ ಕೊಟ್ಟು ಬರ್ರಿ, ಕೆಲಸ ಹೇಳಬ್ಯಾಡ್ರಿ. ಮುಂದಿನ ಸಲ ಗುರೆಳ್ಳು ಚಟ್ನಿಪುಡಿ ಬರಿತೇನಿ, ವೈನಿ ಕೇಳ್ಯಾರ.