ಕುಂಟೆತ್ತಿನ ಖಾನೆ

ಈ ಸಲ ಮಳೆಗಾಲಕ್ಕೆ ಮುಂಚೆ ಮನೆಯ ಹಂಚು ಕೈಯಾಡಿಸಲು ಬಂದವರು ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದರು. ನಾನು ನಾಲ್ಕು ದಿನ ರಜೆ ಹಾಕಿ ಬೆಂಗಳೂರಿನಿಂದ ಕಾಗಿನೆಲೆಗೆ ಹೋಗಿದ್ದೆ. "ನಿನ್ನ ಗೊಂಬಿ ಅದಾವ ಅದರಾಗ. ಇಡತಿಯೋ ಬಿಡತಿಯೋ ನೋಡು" ಎಂದಳು ಅವ್ವ.

ಮುಚ್ಚಳ ತೆಗೆದಾಗ ಮೊದಲು ಎದ್ದು ಬಂದದ್ದು ಬ್ಯಾಡಗಿ ಮೆಣಸಿನಕಾಯಿಯ ವಾಸನೆ. ಕಾಳಿನ ಡಬ್ಬಿಗೆ ಹಾಕುವಂತೆ ಇದಕ್ಕೂ ಅವ್ವ ಒಣ ಮೆಣಸಿನಕಾಯಿ, ಬೇವಿನ ಎಲೆ ಹಾಕಿಟ್ಟಿದ್ದಳು. ನಮ್ಮ ಕಡೆಯ ಕಾಯಿಗೆ ಖಾರಕ್ಕಿಂತ ಬಣ್ಣವೇ ಹೆಚ್ಚು. ಗೊಂಬೆಗಳಿಗೆ ಸುತ್ತಿದ್ದ ಹಳೆಯ ಧೋತರದ ತುಂಡುಗಳು ಅಲ್ಲಲ್ಲಿ ಕೆಂಪಾಗಿದ್ದವು.

ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರವಿದೆ. ಅರವತ್ತರ ಮೇಲಿದ್ದವು. ಎಲ್ಲಕ್ಕಿಂತ ಸಣ್ಣವು ಅವ್ವನವು: ಬೆರಳ ತುದಿಯಷ್ಟಿರುವ ಪ್ಲಾಸ್ಟಿಕ್ ಪ್ರಾಣಿಗಳು. ರೇಡಿಯೋದಲ್ಲಿ ಬಿನಾಕಾ ಗೀತಮಾಲಾ ಕೇಳುತ್ತಿದ್ದ ಕಾಲದಲ್ಲಿ ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯೊಳಗೆ ಇಂಥದೊಂದು ಗೊಂಬೆ ಬರುತ್ತಿತ್ತು. ರಾಣೆಬೆನ್ನೂರಿನ ತವರಿನಿಂದ ಮದುವೆಯ ಸೀರೆಗಳ ಜೊತೆ ಅವ್ವ ಅವನ್ನೂ ತಂದಿದ್ದಳು. ಉಳಿದವು ನನ್ನವು. ಜಾತ್ರೆಯಲ್ಲಿ ಕೊಂಡ ಸಿಪಾಯಿಗಳು, ಚನ್ನಪಟ್ಟಣದ ಗಂಡ-ಹೆಂಡಿರ ಜೋಡಿ, ಕೊಪ್ಪಳದ ಹತ್ತಿರದ ಕಿನ್ನಾಳದ ಒಂದು ಗಿಳಿ.

ವಿಂಗಡಿಸುವುದೆಂದರೆ ನನಗೆ ಇಷ್ಟ. ವರ್ಷದ ಪ್ರಕಾರ ಇಡಲೇ, ಊರಿನ ಪ್ರಕಾರ ಇಡಲೇ ಎಂದು ಯೋಚಿಸಿ, ಕೊನೆಗೆ ಯಾವುದು ಯಾವುದರಿಂದ ಕೆಡುತ್ತದೆ ಎಂಬುದರ ಮೇಲೆ ಖಾನೆ ಮಾಡಿದೆ. ಚನ್ನಪಟ್ಟಣದ ಗೊಂಬೆಯದು ಅರಗಿನ ಬಣ್ಣ. ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಕಾವಿಗೇ ಅದು ಕರಗಿ ಮೆತ್ತಿಕೊಳ್ಳುತ್ತದೆ. ಕಾವಿನಿಂದ ಬಂದ ಬಣ್ಣ ಕಾವಿಗೇ ಸೋಲುತ್ತದೆ, ಹಾಗಾಗಿ ಬಿಸಿಲು ತಾಗುವ ಗೋಡೆಯಿಂದ ದೂರ ಇಡಬೇಕು. ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಹುಣಸೆಬೀಜದ ಅಂಟು ಬಳಸುತ್ತಾರೆ. ಅದಕ್ಕೆ ಹುಳದ ಭಯ, ತೇವದ ಭಯ. ಮೆತ್ತನೆಯ ಪ್ಲಾಸ್ಟಿಕ್ಕಿನವು ವರ್ಷ ಕಳೆದಂತೆ ಜಿಗುಟಾಗಿ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತವೆ. ಮೂರು ಸಿಪಾಯಿಗಳು ಹಾಗೆ ಒಂದಾಗಿದ್ದರು. ಅವರನ್ನು ಬಿಡಿಸಿ ತತ್ತಿಯ ಟ್ರೇಯ ಗುಳಿಗಳಲ್ಲಿ ಒಬ್ಬೊಬ್ಬರನ್ನೇ ಕೂಡಿಸಿದೆ. ಪೇಪರಿನ ಮಸಿ ಗೊಂಬೆಗೆ ಇಳಿಯುತ್ತದೆಂದು ಎಲ್ಲಕ್ಕೂ ತೊಳೆದ ಹತ್ತಿಬಟ್ಟೆ ಸುತ್ತಿದೆ.

ಕೊನೆಗೆ ಉಳಿದದ್ದು ಮಣ್ಣು.

ನಿಜ ಹೇಳಬೇಕೆಂದರೆ ಟ್ರಂಕಿನಲ್ಲಿ ಮಣ್ಣಿನದು ಇರಲೇಬಾರದಿತ್ತು. ನಮ್ಮ ಕಡೆ ಮಳೆಗಾಲವೆಂದರೆ ಮಣ್ಣಿನ ಗೊಂಬೆಗಳ ಕಾಲ. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಸಿಂಗಾರ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ. ಒಬ್ಬರನ್ನೂ ಸುಡುವುದಿಲ್ಲ, ಒಬ್ಬರನ್ನೂ ಇಟ್ಟುಕೊಳ್ಳುವುದಿಲ್ಲ. ಕುಂಬಾರರು ಹಸಿಮಣ್ಣಿನ ಎತ್ತು ಕೊಟ್ಟು ಜೋಳ ಒಯ್ಯುತ್ತಿದ್ದರು. ಪೂಜೆಯಾದ ಮೇಲೆ ಎತ್ತು ನೀರಿಗೆ.

ಆದರೂ ಟ್ರಂಕಿನ ತಳದಲ್ಲಿ ಒಂದು ಜೋಡಿ ಎತ್ತು ಇದ್ದವು. ಧೋತರದ ಒಂದೇ ತುಂಡಿನಲ್ಲಿ ಎರಡನ್ನೂ ಸೇರಿಸಿ ಸುತ್ತಿತ್ತು. ಒಂದರ ಮುಂಗಾಲು ಮುರಿದಿತ್ತು. ಕಾಲಿನ ತುಂಡು ಇದೆಯೇ ಎಂದು ಬಟ್ಟೆಯನ್ನೆಲ್ಲ ಕೊಡವಿದೆ. ಇರಲಿಲ್ಲ. ಹೊಸ ಕಾಲು ಮಾಡಿ ಫೆವಿಕ್ವಿಕ್ ಹಾಕಿದರಾಯಿತು ಎಂದುಕೊಳ್ಳುತ್ತಿರುವಾಗ ಅವ್ವ ಹೇಳಿದಳು: "ಅದು ತಾನ ಮುರಿದದ್ದಲ್ಲ ತಮ್ಮಾ. ನೀವ ಮುರಿದದ್ದು."

ಮರೆತೇ ಬಿಟ್ಟಿದ್ದೆ. ಅಮಾವಾಸ್ಯೆಯ ಮರುದಿನ ಹುಡುಗರು ಒಂದು ಮಣ್ಣೆತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಕೂಗುತ್ತ ಮನೆಮನೆ ತಿರುಗಿ ಜೋಳ ಕೇಳುತ್ತಿದ್ದೆವು. ಬಂದದ್ದನ್ನು ಮಾರಿಯೋ ಬೇಯಿಸಿಯೋ ಕೂಡಿ ತಿಂದು, ಎತ್ತನ್ನು ಕೆರೆಗೆ ಬಿಡುತ್ತಿದ್ದೆವು. ಎಲ್ಲ ಎತ್ತುಗಳಿಗಿಂತ ಕುಂಟೆತ್ತಿಗೇ ಹೆಚ್ಚು ಜೋಳ ಹುಟ್ಟುತ್ತಿತ್ತು.

ಆ ವರ್ಷ 1998. ಹಾವೇರಿ ಜಿಲ್ಲೆಯಾದ ಮರುವರ್ಷ, ನಾನು ನಾಲ್ಕನೆಯ ಇಯತ್ತೆ. ಕಾರಹುಣ್ಣಿಮೆಗೆ ಅಪ್ಪ ನಮ್ಮ ಎರಡೂ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿದ್ದ. ಅಮಾವಾಸ್ಯೆ ಬರುವುದರೊಳಗೆ ಅವನ್ನು ಹಾವೇರಿಯ ದನದ ಸಂತೆಗೆ ಹೊಡೆದುಕೊಂಡು ಹೋದ. ಅಕ್ಕನ ಮದುವೆಯ ಸಾಲ ಇತ್ತು. ಸಂಜೆ ಹಗ್ಗವನ್ನಷ್ಟೇ ಹೆಗಲ ಮೇಲೆ ಹಾಕಿಕೊಂಡು ಬಂದು, ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿ, ಉಣ್ಣದೆ ಮಲಗಿದ. ಕೋಡಿನ ಬಣ್ಣ ಇನ್ನೂ ಮಾಸಿರಲಿಲ್ಲ.

ಆ ಅಮಾವಾಸ್ಯೆಯ ಕುಂಟೆತ್ತು ನನ್ನ ಪಾಲಿಗೆ ಬಂದಿತ್ತು. ಕೆರೆಯ ದಂಡೆಯವರೆಗೂ ಹೋದೆ. ನೀರಿಗೆ ಬಿಡಲು ಕೈ ಬರಲಿಲ್ಲ. ಪಾಟಿಚೀಲದಲ್ಲಿ ಬಚ್ಚಿಟ್ಟುಕೊಂಡು ಬಂದೆ. ಮರುದಿನ ಜಗುಲಿಯ ಮೇಲಿದ್ದ ಅದರ ಜೊತೆಗಾರನನ್ನೂ ಕದ್ದೆ. ಯಾರಿಗೂ ಗೊತ್ತಾಗಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ.

"ನಿಮ್ಮಪ್ಪಗ ಗೊತ್ತಿತ್ತು" ಎಂದಳು ಅವ್ವ. "ಧೋತರ ಹರಿದು ಸುತ್ತಿಟ್ಟಾಂವ ಅವನ. ಇರಲಿ ಬಿಡು, ಹುಡುಗಗ ಏನೂ ಅನಬ್ಯಾಡ ಅಂದಿದ್ದ."

ಅಪ್ಪ ಹೋಗಿ ಆರು ವರ್ಷವಾಯಿತು. ಕೇಳಲು ಯಾರೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಕೇಳಿದಳು: "ಈಗರ ಕೆರಿಗೆ ಬಿಡೋಣೇನು? ಹ್ವಾದದ್ದು ಹೋಗದಿದ್ರ ಮುಂದಿಂದು ಹ್ಯಾಂಗ ಬರಬೇಕು?"

ಅವಳು ಹೇಳಿದ್ದರಲ್ಲಿ ಲೆಕ್ಕವಿತ್ತು. ಕೆರೆಯ ಮಣ್ಣು ಎತ್ತಾಗುತ್ತದೆ, ಎತ್ತು ಕರಗಿ ಕೆರೆಗೆ ಸೇರುತ್ತದೆ, ಮುಂದಿನ ಜ್ಯೇಷ್ಠಕ್ಕೆ ಮತ್ತೆ ಎದ್ದು ಬರುತ್ತದೆ. ನನ್ನ ಖಾನೆ, ಚೀಟಿ, ಹತ್ತಿಬಟ್ಟೆಗಳಿಗಿಂತ ಹಳೆಯ ವ್ಯವಸ್ಥೆ ಅದು. ಕೆರೆಯೇ ಊರಿನ ಟ್ರಂಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಆಳೆತ್ತರದ ರೈತರು, ದನಕರುಗಳು ನಿಂತಿವೆ. ಅಲ್ಲಿಗೆ ಹೋದಾಗ ಅವ್ವ ಒಂದು ಎತ್ತಿನ ಬೆನ್ನು ಸವರಿ, "ಇವು ಎಂದೂ ಮನಿಗೆ ಹೋಗಂಗಿಲ್ಲೇನು" ಎಂದಿದ್ದಳು. ಆಗ ನಕ್ಕಿದ್ದೆ.

ಆದರೆ ಕೆರೆಗೆ ಹೋದ ಎತ್ತು ತಿರುಗಿ ಬರುತ್ತದೆ. ಸಂತೆಗೆ ಹೋದವು ಬರಲಿಲ್ಲ. ಹತ್ತು ವರ್ಷದ ಹುಡುಗ ಕದ್ದದ್ದು ಆ ಎತ್ತುಗಳ ಬದಲಿಗೆ. ಅಪ್ಪ ಸುತ್ತಿಟ್ಟದ್ದೂ ಅದಕ್ಕೇ ಇರಬೇಕು.

"ಇವು ಇರಲಿ ಬೇ" ಎಂದೆ. ಅವ್ವ ಒತ್ತಾಯ ಮಾಡಲಿಲ್ಲ. ನಾನು ಎರಡನ್ನೂ ಬೇರೆ ಬೇರೆ ಸುತ್ತಲು ಹೋದಾಗ ಮಾತ್ರ ಕೈ ಹಿಡಿದಳು. ಒಂದಕ್ಕೊಂದು ತಿಕ್ಕಿದರೆ ಹಸಿಮಣ್ಣು ಉದುರುತ್ತದೆ ಎಂದು ವಿವರಿಸಿದೆ. "ಜೋಡಿ ಅಗಲಿಸಬ್ಯಾಡ" ಎಂದಷ್ಟೇ ಅಂದಳು. ಕೊನೆಗೆ ಬಟ್ಟೆಯ ಒಂದು ಮಡಿಕೆಯನ್ನು ನಡುವೆ ತಂದು, ಅದೇ ಧೋತರದಲ್ಲಿ ಇಬ್ಬರನ್ನೂ ಕೂಡಿಸಿ ಸುತ್ತಿದೆ. ಕಾಲು ಅಂಟಿಸಲಿಲ್ಲ. ಚೀಟಿಯ ಮೇಲೆ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿ, ವರ್ಷವನ್ನಷ್ಟೇ ಬರೆದೆ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಅಮಾವಾಸ್ಯೆ. ಅವ್ವ ಹೊಸ ಜೋಡಿ ತಂದು ಪೂಜೆ ಮಾಡಿ ಹೋಳಿಗೆಯ ಎಡೆ ಹಿಡಿದಳು. ಸಂಜೆ ಅವನ್ನು ಕೆರೆಗೆ ಒಯ್ದವನು ನಾನೇ. ನೀರಿನೊಳಗೆ ಕೈ ಇಟ್ಟು, ಅವು ಮೆತ್ತಗಾಗುವವರೆಗೂ ಹಿಡಿದುಕೊಂಡಿದ್ದು, ಬಿಟ್ಟೆ.