ಚಿತ್ರ ಕೆಡುತ್ತದೆ, ಪಕ್ಕಕ್ಕೆ ಸರಿ

ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರು ಪರದೇಶಕ್ಕೆ ಹೊರಟರೆ ಅರ್ಧ ಪ್ರಯಾಣ ಕಡತದಲ್ಲಿಯೇ ಮುಗಿದುಹೋಗುತ್ತದೆ. ರಜೆಯ ಅರ್ಜಿ, ದೇಶ ಬಿಡಲು ಅನುಮತಿ, ಖರ್ಚು ಯಾರದೆಂಬ ಹೇಳಿಕೆ. ಆ ಕೊನೆಯ ಜಾಗದಲ್ಲಿ ನಾವು ತುಸು ನಾಚಿಕೆಯಿಂದಲೇ ‘ಪತ್ನಿಯ ತಮ್ಮ’ ಎಂದು ಬರೆದೆವು. ಅವನು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೆಲಸಕ್ಕಿದ್ದಾನೆ. ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಹೊರಡುವ ಮುನ್ನ ಚಿಕ್ಕಮಗಳೂರಿನಿಂದ ಅತ್ತೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಅವನ ಫೋಟೋ ಚೆನ್ನಾಗಿ ತೆಕ್ಕೊಂಡು ಬನ್ನಿ. ಆ ಫೋನಿನಲ್ಲಿ ಮುಖ ನಡುಗುತ್ತೆ, ನಂಗೆ ಕಾಣೋಲ್ಲ.”

ಕಚೇರಿಯ ಸ್ನೇಹಿತರೊಬ್ಬರಿಂದ ಒಳ್ಳೆಯ ಕ್ಯಾಮೆರಾ ಎರವಲು ತಂದೆವು. ಎಡವಟ್ಟಾದದ್ದು ಅಲ್ಲಿಂದಲೇ.

ಆಗಸ್ಟ್ ಕೊನೆಯ ಒಂದು ಭಾನುವಾರ ಅವನು ನಮ್ಮನ್ನು ಇಲ್ಕ್‌ಲಿ ಎಂಬ ಊರಿಗೆ ಕರೆದೊಯ್ದ. ಲೀಡ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ವಾರ್ಫ್ ನದಿಯ ಕಣಿವೆಯಲ್ಲಿ ಚೊಕ್ಕವಾದ ಪೇಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಜಲಚಿಕಿತ್ಸೆಗೆ ಹೆಸರಾದ ಊರು. ರೋಗಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುವುದು, ತಣ್ಣೀರಿನಲ್ಲಿ ಮುಳುಗಿಸುವುದು, ಗುಡ್ಡ ಹತ್ತಿಸುವುದು—ಇದೇ ಔಷಧ. ‘ಜೀವಸಂಕುಲಗಳ ಉಗಮ’ದ ಕರಡಚ್ಚು ತಿದ್ದಿ ಸೋತುಹೋಗಿದ್ದ ಚಾರ್ಲ್ಸ್ ಡಾರ್ವಿನ್ 1859ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದು, ಡಿಸೆಂಬರಿನವರೆಗೆ ಇದ್ದ. ನವೆಂಬರ್ 24ರಂದು ಪುಸ್ತಕ ಹೊರಬಂದಾಗಲೂ ಅವನು ಇದೇ ಊರಿನಲ್ಲಿದ್ದ. ಬಿ.ಎಸ್ಸಿ.ಯಲ್ಲಿ ಅವನ ಹೆಸರು ಉರು ಹೊಡೆದವರಿಗೆ ಈ ಮಾತು ಕೇಳಿಯೇ ಮೈ ಜುಮ್ಮೆಂದಿತು.

ಪೇಟೆಯ ಬೆನ್ನಿಗೇ ಗುಡ್ಡ. ಅರ್ಧ ಏರಿದರೆ ‘ವೈಟ್ ವೆಲ್ಸ್’ ಎಂಬ ಬಿಳಿಯ ಸ್ನಾನಗೃಹ. ಬಾಗಿಲು ತೆರೆದಿದ್ದರೆ ಬಾವುಟ ಹಾರಿಸುತ್ತಾರೆ. ಅದನ್ನು ದಾಟಿದರೆ ಮರವೇ ಇಲ್ಲದ ಬಯಲು, ಇಲ್ಕ್‌ಲಿ ಮೂರ್. ನಮ್ಮ ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನ ತಂಗಿಯೆನ್ನಬೇಕು. ಆದರೆ ಶೋಲಾ ಕಾಡಿಲ್ಲ. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳಿದರೆ ಇಲ್ಲಿಯ ಹೀದರ್ ಎಂಬ ಕುರುಚಲು ಗಿಡ ಪ್ರತಿ ಆಗಸ್ಟಿನಲ್ಲೂ ನೇರಳೆ ಹೊದೆಯುತ್ತದೆ. ಕಾಲ ಕೆಳಗೆ ಪೀಟ್ ಎಂಬ ಕಪ್ಪು ಮಣ್ಣು. ನೀರು ನಿಂತು ಗಾಳಿಯಾಡದೆ, ಪೂರ್ತಿ ಕೊಳೆಯದ ಪಾಚಿ ಸಸ್ಯಗಳು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್‌ನಂತೆ ಕೂಡಿ ಆದದ್ದು. ಒಂದು ಮೀಟರ್ ಆಗಲು ಸಾವಿರ ವರ್ಷ. ಒಣಗಿದಾಗ ಹೊತ್ತಿಕೊಳ್ಳುವುದಕ್ಕೆ ಕ್ಷಣ ಸಾಕು. 2019ರ ಏಪ್ರಿಲ್‌ನಲ್ಲಿ ಇಲ್ಲಿ ದೊಡ್ಡ ಬೆಂಕಿಯೇ ಬಿದ್ದಿತ್ತು.

ಚಿತ್ರ ತೆಗೆಯತೊಡಗಿದೆವು. ನಡುಹಗಲಿನ ಬೆಳಕಿನಲ್ಲಿ ನೇರಳೆ ಬೂದಿಯಾಗಿ ಬೀಳುತ್ತದೆ. ಮೋಡ ಸರಿದು ಬಿಸಿಲು ಓರೆಯಾಗುವವರೆಗೆ ಕಾಯಬೇಕು. ಕಾದೆವು. ‘ಹಸು ಮತ್ತು ಕರು’ ಎಂದು ಹೆಸರಾದ ಎರಡು ಬಂಡೆಗಳ ಬಳಿ ಮೈದುನ, “ಭಾವ, ನಾನು ಅಲ್ಲಿ ನಿಲ್ಲಲಾ?” ಎಂದ. “ಬೇಡಪ್ಪ, ಚಿತ್ರ ಕೆಡುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿ” ಎಂದೆವು. ಅವನ ಅಕ್ಕನೂ ಹೂಗುಟ್ಟಿದಳು. ಅವನು ನಕ್ಕು ಪಕ್ಕಕ್ಕೆ ಸರಿದ.

ಅಲ್ಲಿಂದ ವುಡ್‌ಹೌಸ್ ಕ್ರ್ಯಾಗ್ ಎಂಬಲ್ಲಿಗೆ ನಡೆದೆವು. ಅಲ್ಲಿ ಕಂಬಿ ಬೇಲಿಯೊಳಗೆ ‘ಸ್ವಸ್ತಿಕ ಶಿಲೆ’ ಇದೆ. ನಮ್ಮ ಮನೆಬಾಗಿಲಿನ ಸ್ವಸ್ತಿಕವಲ್ಲ. ಬಳುಕಿದ ತೋಳುಗಳು, ನಡುನಡುವೆ ಬಟ್ಟಲಿನಂಥ ಕುಳಿಗಳು. ಇಟಲಿಯ ವಾಲ್ ಕಮೋನಿಕಾದ ಬಂಡೆಗಳಲ್ಲಿ ಇಂಥದೇ ಗುರುತುಗಳಿವೆ. ಮುಂದೆ ಸ್ಪಷ್ಟವಾಗಿ ಕಾಣುವುದು ನಂತರ ಕೆತ್ತಿದ ಪ್ರತಿ. ಮೂಲದ್ದು ಹಿಂದೆ, ಸವೆದಿದೆ. ಬಿಸಿಲು ಇಳಿದು ಗೀರುಗಳಲ್ಲಿ ನೆರಳು ತುಂಬಿದಾಗಲೇ ಅದು ಕಾಣುವುದು. ಅದಕ್ಕಾಗಿ ಒಂದು ಗಂಟೆ ಕುಳಿತೆವು. ಗಾಳಿ ಕಿವಿ ಕೊಯ್ಯುತ್ತಿತ್ತು. ಮೈದುನ ನಮಗೆ ತನ್ನ ಟೋಪಿ ಕೊಟ್ಟು, ಯಾರ್ಕ್‌ಷೈರಿನ ಜನ ಎಲ್ಲೆಡೆ ಹಾಡುವ ಒಂದು ಹಾಡಿನ ವಿಷಯ ಹೇಳಿದ: ಟೋಪಿಯಿಲ್ಲದೆ ಈ ಮೂರಿಗೆ ಬಂದವನು ಶೀತ ಹಿಡಿದು ಸಾಯುತ್ತಾನೆಂದು ಹಾಸ್ಯದ ಹಾಡು. ಮೂವರೂ ನಕ್ಕೆವು.

ದೀಪಾವಳಿಗೆ ಚಿಕ್ಕಮಗಳೂರಿಗೆ ಹೋದಾಗ 212 ಚಿತ್ರಗಳನ್ನು ಟೀವಿಗೆ ಜೋಡಿಸಿ ತೋರಿಸಿದೆವು. ಅತ್ತೆ ಕನ್ನಡಕ ಒರೆಸಿಕೊಂಡು ಮುಂದೆಯೇ ಕುಳಿತರು. ಹೀದರ್, ಬಂಡೆ, ಮೋಡ, ಡಾರ್ವಿನ್. ನಾವು ವಿವರಿಸುತ್ತಲೇ ಹೋದೆವು. ಅರ್ಧ ಗಂಟೆಯ ಮೇಲೆ ಅವರು ಮೆಲ್ಲಗೆ ಕೇಳಿದರು: “ಹುಡುಗ ಎಲ್ಲಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮನೆಯಲ್ಲಿ, ರೈಲಿನಲ್ಲಿ, ‘ನಾಳೆ ತೆಗೆದರಾಯಿತು’ ಎಂದುಕೊಂಡೇ ಹತ್ತು ದಿನ ಕಳೆದಿದ್ದವು. ಕೊನೆಗೆ ಒಂದರಲ್ಲಿ ಸಿಕ್ಕ. ಹಸು-ಕರುವಿನ ಬಲತುದಿಯಲ್ಲಿ, ನೀಲಿ ಜಾಕೀಟು ತೊಟ್ಟು, ನಮಗೆ ಬೆನ್ನು ಹಾಕಿ ಕಣಿವೆ ನೋಡುತ್ತ ನಿಂತಿದ್ದ. ತಮಾಷೆಯೆಂದರೆ, ಆ ಬಂಡೆಗಳು ಎಷ್ಟು ದೊಡ್ಡವೆಂದು ಗೊತ್ತಾಗುವುದು ಆ ಒಂದೇ ಚಿತ್ರದಲ್ಲಿ. ಉಳಿದವುಗಳಲ್ಲಿ ಅವು ಹಿತ್ತಲ ಕಲ್ಲಿನ ಹಾಗಿವೆ.

ಅತ್ತೆ ಎದ್ದು ಹೋಗಿ ಪರದೆಯ ಮೂಲೆಗೆ ಬೆರಳು ಮುಟ್ಟಿಸಿದರು. “ಹಿಂದೆ ಕೂದಲು ತೆಳ್ಳಗಾಗಿದೆ” ಎಂದರು. ಆಮೇಲೆ, “ಅಷ್ಟು ಗಾಳೀಲಿ ತಲೆಗೇನೂ ಇಲ್ದೆ ನಿಂತಿದಾನಲ್ಲ, ಶೀತ ಆಗೋಲ್ವೆ?”

ಆ ಹಾಡಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಟೋಪಿ ಯಾರ ತಲೆಗೆ ಹೋಯಿತೆಂದೂ ಹೇಳುವ ಧೈರ್ಯ ನಮಗಾಗಲಿಲ್ಲ.

ಪೇಟೆಯಲ್ಲಿ ಅದೊಂದನ್ನೇ ದೊಡ್ಡದು ಮಾಡಿಸಿ ಕೊಟ್ಟೆವು. ದೇವರ ಗೂಡಿನ ಪಕ್ಕ ತೂಗಿದೆ. ರಾತ್ರಿ ಮೈದುನನಿಗೆ ಫೋನಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆವು. ಅವನು ಜೋರಾಗಿ ನಕ್ಕ. ಆಮೇಲೆ ತುಸು ಹೊತ್ತು ಆ ಕಡೆಯಿಂದ ಮಾತಿಲ್ಲ. “ಯುಗಾದಿಗೆ ರಜೆ ಕೇಳ್ತೀನಿ ಭಾವ” ಎಂದ. ಕ್ಯಾಮೆರಾವನ್ನು ಸ್ನೇಹಿತರಿಗೆ ಹಿಂದಿರುಗಿಸಿಲ್ಲ. ಯುಗಾದಿಯವರೆಗೆ ಇರಲೆಂದು ಕೇಳಿಕೊಂಡಿದ್ದೇವೆ.